ವಲೆನ್ಸಿಯದಲ್ಲಿ ಕಲಿತ ‘ನೇಯ್ದೇನು’

ಬಂದರು

ಹಡಗಿನಿಂದ ನಾವಿಬ್ಬರೂ ಇಳಿದೆವು. ಮಗ್ಗ ಇಳಿಯಲಿಲ್ಲ.

ಮುಂಬಯಿಯ ರೇಷ್ಮೆ ವ್ಯಾಪಾರಿ ಸೇಠರೊಬ್ಬರಿಗೆ ಸ್ಪೇನ್ ದೇಶದ ವಲೆನ್ಸಿಯ ಎಂಬ ಊರಿನ ವಸ್ತುಪ್ರದರ್ಶನದಲ್ಲಿ ನಮ್ಮ ಕೊಳ್ಳೇಗಾಲದ ಕೈಮಗ್ಗವನ್ನು ತೋರಿಸಬೇಕೆಂದು ಮನಸ್ಸಾಯಿತು. ಮಗ್ಗವನ್ನು ಬಿಚ್ಚಿ ಪೆಟ್ಟಿಗೆಗೆ ತುಂಬಿದರು. ಅದರ ಮುಂದೆ ಕೂತು ನೇಯಲು ನಾನು, ನನ್ನ ಪರವಾಗಿ ಇಂಗ್ಲಿಷ್ ಆಡಲು ಮಾಂಬಳ್ಳಿಯ ಮಾದಪ್ಪ. ಮಾದಪ್ಪ ರೇಷ್ಮೆ ನೂಲಿನ ವ್ಯಾಪಾರಿ. ಅವನೂ ನಾನೂ ಒಂದೇ ಮಣೆಯ ಮೇಲೆ ಕೂತು ಅಕ್ಷರ ಕಲಿತವರು. ನಾಲ್ಕನೆಯ ತರಗತಿಗೆ ನಾನು ಶಾಲೆ ಬಿಟ್ಟು ಅಪ್ಪನ ಮಗ್ಗದ ಗುಂಡಿಗೆ ಕಾಲಿಳಿಸಿದೆ. ಅವನು ಹೈಸ್ಕೂಲು ಮುಗಿಸಿದ. ಓದು ಕಡಿಮೆಯಾಯಿತೆಂಬ ಕೊರಗು ನನಗಿಲ್ಲ. ನಾನು ನೇಯ್ದ ಸೀರೆಯ ಅಂಚಿನ ಮೇಲೆ ಮದರಾಸಿನ ಅಂಗಡಿಯವರು ಬೆರಳಾಡಿಸಿ, ಏನಾದರೂ ಕುಂದು ಹೇಳಬೇಕೆಂದು ಹುಡುಕಿ, ಸಿಕ್ಕದೆ ಮಡಿಸಿಟ್ಟದ್ದನ್ನು ಕಣ್ಣಾರೆ ನೋಡಿದ್ದೇನೆ.

ಕಡಲಿನ ವಿಚಾರ ಬರೆಯಲು ನನ್ನಲ್ಲಿ ಮಾತು ಸಾಲದು. ಶಿವನಸಮುದ್ರದಲ್ಲಿ ನೀರು ಬೀಳುವುದನ್ನು ನೋಡಿ ಇದಕ್ಕಿಂತ ದೊಡ್ಡ ನೀರಿಲ್ಲ ಅಂದುಕೊಂಡಿದ್ದವನು ನಾನು. ಕಡಲಿನ ನೀರು ಬೀಳುವುದೂ ಇಲ್ಲ, ಎಲ್ಲಿಗೂ ಹೋಗುವುದೂ ಇಲ್ಲ. ಬೆಳಿಗ್ಗೆ ಎದ್ದರೆ ಇದೆ, ಉಂಡು ಬಂದರೆ ಇದೆ, ಒಂದು ವಾರ ಬಿಟ್ಟು ನೋಡಿದರೂ ಅದೇ ಇದೆ. ಮೂರನೆಯ ದಿನದಿಂದ ನಾನು ಅದರ ಮುಂದೆ ಚಪ್ಪಲಿ ಬಿಟ್ಟು ನಿಲ್ಲತೊಡಗಿದೆ.

ಪೆಟ್ಟಿಗೆಯ ಕಥೆಗೆ ಬರುತ್ತೇನೆ. ಮಾರ್ಸೇಲ್ ಎಂಬ ರೇವಿನಲ್ಲಿ ದೊಡ್ಡ ಹಡಗು ಬಿಟ್ಟು ಸಣ್ಣ ಹಡಗು ಹತ್ತುವಾಗ ಪೆಟ್ಟಿಗೆಯಲ್ಲಿ ಏನಿದೆ ಎಂದು ಕಾಗದದಲ್ಲಿ ಬರೆಯಬೇಕಾಗಿತ್ತು. ಮಾದಪ್ಪ ‘ಮರದ ಸಾಮಾನು’ ಎಂದು ಬರೆದ. ಅಲ್ಲಿ ಮೇಜು ಕುರ್ಚಿಗಳನ್ನೆಲ್ಲ ಬೇರೊಂದು ಹಡಗಿಗೆ ತುಂಬುತ್ತಿದ್ದರು. ನಮ್ಮ ಮಗ್ಗವೂ ಅವುಗಳ ಜೊತೆ ಹೊರಟುಹೋಯಿತು.

“ಮಗ್ಗ ಅಂತ ಬರಿಯಕ್ಕೆ ಏನ್ ರೋಗ ಬಂದಿತ್ಲಾ ನಿಂಗೆ?” ಎಂದೆ.

“ಮಗ್ಗಕ್ಕೆ ಇಂಗ್ಲಿಸ್ನಾಗೆ ಏನಂತಾರೆ ಅನ್ನದು ಆ ಗಳಿಗೆನಾಗೆ ನೆಪ್ಪಾಗ್ನಿಲ್ಲ ಕಣ್ಲಾ ಚೌಡ. ಮರದ್ದು ತಾನೆ? ಸುಳ್ಳೇನ್ ಬರ್ದಿಲ್ವಲ್ಲ!”

ಪ್ರದರ್ಶನಕ್ಕೆ ಇನ್ನೂ ಹತ್ತು ದಿನವಿತ್ತು. ಹುಡುಕಿಸಿ ತರಿಸುತ್ತೇವೆ ಎಂದು ಬಂದರಿನವರು ಹೇಳಿದರು. ಬುದ್ಧಿ ಬಂದಾಗಿನಿಂದ ನಾನು ಹತ್ತು ದಿನ ಕೈಕಟ್ಟಿ ಕೂತವನಲ್ಲ. ಅಂಗೈ ನವೆಯಾಡತೊಡಗಿತು.

ಅಂಪಾರಮ್ಮನ ಅಡುಗೆಮನೆ

ನಮ್ಮನ್ನು ಇಳಿಸಿದ್ದು ಅಂಪಾರೊ ಎಂಬ ಮುದುಕಿಯ ಮನೆಯಲ್ಲಿ. ಶಾಲೆಯಲ್ಲಿ ಉಪಾಧ್ಯಾಯಿನಿಯಾಗಿದ್ದು ನಿವೃತ್ತಿಯಾದವರು. ಇಂಗ್ಲಿಷ್ ಬಲ್ಲರು. ಮಾದಪ್ಪ ಮೊದಲ ದಿನವೇ ಅವರನ್ನು ಅಂಪಾರಮ್ಮ ಮಾಡಿಬಿಟ್ಟ. ಅವರಿಗೂ ಆ ‘ಅಮ್ಮ’ ಹಿಡಿಸಿತು.

ಊಟದ ಯೋಚನೆ ಕೊಳ್ಳೇಗಾಲ ಬಿಟ್ಟಾಗಿನಿಂದ ನಮ್ಮಿಬ್ಬರನ್ನೂ ತಿನ್ನುತ್ತಿತ್ತು. ಆದರೆ ನೋಡಿ, ವಲೆನ್ಸಿಯದವರು ಅನ್ನ ತಿನ್ನುವ ಜನ! ಊರಾಚೆ ನಮ್ಮ ಕಡೆಯ ಮುಳ್ಳೂರಿನ ಬಯಲಿನಂಥದೇ ಗದ್ದೆ, ಬದುವಿನ ಮೇಲೆ ಹಿಪ್ಪುನೇರಳೆ ಮರ. ನನ್ನ ಕಣ್ಣನ್ನೇ ನಂಬಲಾಗಲಿಲ್ಲ. ಅನ್ನವನ್ನು ಅಗಲವಾದ ಕಬ್ಬಿಣದ ತಟ್ಟೆಯಲ್ಲಿ ಕೇಸರಿ ಹಾಕಿ ಬೇಯಿಸಿ, ಆ ತಟ್ಟೆಯನ್ನೇ ಮೇಜಿನ ನಡುವೆ ಇಡುತ್ತಾರೆ. ಸುತ್ತ ಕೂತವರೆಲ್ಲ ಚಮಚ ಹಿಡಿದು ಅದರಿಂದಲೇ ತಿನ್ನುತ್ತಾರೆ. ಎಂಜಲು ಎಂದು ನಾನು ಹಿಂಜರಿದೆ. ಆಮೇಲೆ ನೋಡಿದರೆ ಒಬ್ಬೊಬ್ಬರೂ ತಮ್ಮ ಮುಂದಿನ ಪಾಲನ್ನು ಮಾತ್ರ ಕೆರೆಯುತ್ತ ನಡುವಿನ ಕಡೆಗೆ ಹೋಗುತ್ತಾರೆ. ಪಕ್ಕದವನ ಪಾಲಿಗೆ ಚಮಚ ತಾಗುವುದಿಲ್ಲ. ಕೊಳ್ಳೇಗಾಲ ದಾಟಿ ಯಳಂದೂರಿಗೆ ಕಾಲಿಟ್ಟರೆ ಮದರಾಸು ಮುಗಿದು ಮೈಸೂರು ಸೀಮೆ ಶುರುವಾಗುತ್ತದಲ್ಲ, ಹಾಗೆ ಕಾಣದ ಗಡಿ. ನಮಗೆ ಅಂಪಾರಮ್ಮ ಬೇರೆ ತಟ್ಟೆಯಲ್ಲಿ ಮಾಂಸ ಬಿಟ್ಟು ಬರೀ ಹುರುಳಿಕಾಯಿ ಹಾಕಿ ಮಾಡಿಕೊಟ್ಟರು.

ಇನ್ನೊಂದು ಸಂಗತಿ. ನೆರೆಮನೆಯವರೊಂದಿಗೆ ಅಂಪಾರಮ್ಮ ಆಡುವ ಭಾಷೆ ಬೇರೆ, ಶಾಲೆಯಲ್ಲಿ ಕಲಿಸಿದ್ದು ಬೇರೆ. ಮನೆಯದು ಊರ ಮಾತು, ಕಚೇರಿಯದು ಸ್ಪ್ಯಾನಿಷ್. ನಮಗೆ ಇದು ಹೊಸದಲ್ಲ. ಮನೆಯಲ್ಲಿ ಕನ್ನಡ, ಜಿಲ್ಲಾ ಕಚೇರಿಯಿದ್ದ ಕೊಯಮತ್ತೂರಿನ ಸಾಹೇಬರ ಮುಂದೆ ತಮಿಳು ಎಂದು ನಾವು ಬದುಕಿಲ್ಲವೇ?

ಅವರ ಬರಹದಲ್ಲಿ ‘ಹಬ್ಲಾರ್’ ಎಂದರೆ ಮಾತಾಡುವುದು. ಬಾಯಲ್ಲಿ ಅನ್ನುವುದು ‘ಅಬ್ಲಾರ್’. ಬರೆದ ಹಕಾರವನ್ನು ಯಾರೂ ನುಡಿಯುವುದಿಲ್ಲ. ಇದನ್ನು ಕೇಳಿದ ಮಾದಪ್ಪ ಮೇಜು ಗುದ್ದಿದ.

“ಓಗು ಅಂದ್ರೆ ಮೇಷ್ಟ್ರು ಒಡೀತಿದ್ರಲ್ಲ ನಮ್ಗೆ! ಇಲ್ ನೋಡ್ಲಾ, ದೇಸಕ್ ದೇಸವೇ ನಮ್ಮೂರೋರು!”

ನಾನು ನೇಕಾರನೆಂದು ತಿಳಿದು ಅಂಪಾರಮ್ಮ ನನಗೆ ಮೊದಲು ಕಲಿಸಿದ ಕ್ರಿಯಾಪದ ‘ತೆಹೇರ್’, ನೇಯುವುದು; ಇದರ ಹಕಾರ ಬೇರೊಂದು ಅಕ್ಷರದ್ದು, ಇದನ್ನು ಮಾತ್ರ ನುಡಿಯುತ್ತಾರೆ. ಬಟಾಣಿ ಸುಲಿಯುತ್ತ ಕಲಿಸಿದರು, ನಾನೂ ಸುಲಿಯುತ್ತ ಕಲಿತೆ. ಅವರ ಅಕ್ಷರ ನನಗೆ ಬರದು, ಎಲ್ಲ ಕಿವಿಯಿಂದಲೇ. ನೇಯುತ್ತಿದ್ದೇನೆ ಎನ್ನಲು ‘ತೆಹೇರ್’ನ ಬಾಲ ಕತ್ತರಿಸಬೇಕು: ತೆಹೊ. ನಾಳೆ ನೇಯುತ್ತೇನೆ ಎನ್ನಲು ಏನನ್ನೂ ಕತ್ತರಿಸುವಂತಿಲ್ಲ. ಇಡೀ ಪದವನ್ನು ಹಾಗೇ ಇಟ್ಟು ಕೊನೆಗೊಂದು ಏಕಾರ: ತೆಹೆರೇ. ನನಗೆ ಈ ‘ತೆಹೆರೇ’ ಬಹಳ ಹಿಡಿಸಿತು. ಎದೆಯೆತ್ತಿ ಹೇಳುವ ಮಾತು. ನೀವು ಇಲ್ಲಿಗೆ ಬಂದದ್ದೇಕೆ ಎಂದು ಯಾರು ಕೇಳಿದರೂ ತೆಹೆರೇ ಎನ್ನುತ್ತಿದ್ದೆ. ಹಾಲಿನವಳಿಗೂ ಹೇಳಿದೆ.

ವಿಸೆಂತೆಯವರ ಮಗ್ಗ

ಶುಕ್ರವಾರ ಅಂಪಾರಮ್ಮ ನಮ್ಮನ್ನು ನೇಕಾರರ ಬೀದಿಗೆ ಕರೆದೊಯ್ದರು. ವಿಸೆಂತೆ ಎಂಬ ಹಿರಿಯ ನೇಕಾರರ ಬಾಗಿಲಲ್ಲಿ ಬಿಟ್ಟು, ನೋಡುತ್ತಿರಿ ಎಂದು ತಾವು ಮಾರುಕಟ್ಟೆಗೆ ಹೋದರು.

ಒಳಗೆ ಕಾಲಿಟ್ಟವನು ಅಲ್ಲೇ ನಿಂತೆ. ಮಗ್ಗವಲ್ಲ ಅದು, ಮನೆ. ತೊಲೆಗಳು ಅಟ್ಟ ಮುಟ್ಟುತ್ತಿದ್ದವು. ಮೇಲಿನಿಂದ ತೂತು ಕೊರೆದ ರಟ್ಟಿನ ಪಟ್ಟಿಗಳ ಸರ ಜೋತುಬಿದ್ದಿತ್ತು. ಯಾವ ಎಳೆ ಏಳಬೇಕು, ಯಾವುದು ಕೂರಬೇಕು ಎಂಬುದನ್ನು ಆ ತೂತುಗಳು ಹೇಳುತ್ತವೆ. ನಮ್ಮ ಬುಟ್ಟಾ ಸೀರೆಗೆ ಹೂವಿಗೊಂದು ಸಣ್ಣ ಲಾಳಿ ಇಡುವಂತೆ ಇಲ್ಲಿಯೂ ಹೂವಿಗೊಂದು, ಎಸಳಿಗೊಂದು ಲಾಳಿ, ಒಂದು ಸಾಲಿಗೆ ಇಪ್ಪತ್ತಕ್ಕೂ ಮೇಲೆ. ಅದಕ್ಕಿಂತ ಬೆರಗು ಇನ್ನೊಂದು. ಬಟ್ಟೆಯ ಮುಖ ಕೆಳಗಿರುತ್ತದೆ. ನೇಯುವವನಿಗೆ ಕಾಣುವುದು ಬೆನ್ನು, ನೂಲಿನ ಗೋಜಲು ಅಷ್ಟೇ. ವಿಸೆಂತೆ ಎಡಗೈಯಲ್ಲಿ ಒಂದು ಪುಟ್ಟ ಕನ್ನಡಿಯನ್ನು ಬಟ್ಟೆಯಡಿಗೆ ಹಿಡಿದರು. ಕನ್ನಡಿಯಲ್ಲಿ ಗುಲಾಬಿ ಅರಳಿತು. ನಾನು ಕೈ ಮುಗಿದೆ, ಯಾರಿಗೆ ಎಂದು ಗೊತ್ತಿಲ್ಲ.

ವಿಸೆಂತೆಗೆ ಅರವತ್ತು ದಾಟಿರಬೇಕು. ಕೆಲಸದ ಹೊತ್ತಿನಲ್ಲಿ ಮಗ್ಗದ ಮೇಲೆ ಕೂರದೆ ಪಕ್ಕದಲ್ಲಿ ನಿಂತಿದ್ದರು, ಬಲಗೈ ಜೇಬಿನಲ್ಲಿ. ನೇಕಾರ ಹೀಗೆ ನಿಂತಿರುವುದು ನನಗೆ ವಿಚಿತ್ರವೆನಿಸಿತು, ಕೇಳಲು ಮಾತು ಬರದು. ಅವರಿಗೆ ಇಂಗ್ಲಿಷ್ ಬಾರದಾದ್ದರಿಂದ ಮಾದಪ್ಪನೂ ಮೂಕ. ನನ್ನ ಅಂಗೈಯ ಜಡ್ಡು ನೋಡಿ ವಿಸೆಂತೆ ತಲೆದೂಗಿದರು. ಮಗ್ಗದ ಕಡೆ ಗಲ್ಲ ಎತ್ತಿ, ಪರದೇಶಿಗೆ ತಿಳಿಯಲೆಂದು ಬಿಡಿಬಿಡಿಯಾಗಿ ಕೇಳಿದರು:

“ಉಸ್ತೆದ್... ತೆಹೆರೀಯ... ಎಸ್ತೊ?”

ಉಸ್ತೆದ್ ಎಂದರೆ ತಾವು, ಎಸ್ತೊ ಎಂದರೆ ಇದು, ಅಷ್ಟು ಬರುತ್ತಿತ್ತು. ನಡುವೆ ನನ್ನ ‘ತೆಹೇರ್’ ಕೇಳಿಸಿತು. ಅದರ ಬಾಲದ ಕಡೆ ನಾನು ಗಮನ ಕೊಡಲಿಲ್ಲ. ನಮ್ಮ ಕೇರಿಯಲ್ಲಿ ಒಬ್ಬ ನೇಕಾರ ಇನ್ನೊಬ್ಬನಿಗೆ ಹೊಸ ನಮೂನೆ ತೋರಿಸಿ “ಇದ್ನ ನೇಯ್ತಿಯೇನ್ಲಾ?” ಎಂದು ಕೆಣಕುವುದುಂಟು. ಅದಕ್ಕೆ ಒಂದೇ ಉತ್ತರ, “ನೇಯ್ತೀನಿ.” ನನ್ನ ಕೈಲಿ ಆಗುತ್ತದೆ ಎಂದು ಅರ್ಥ. ಎದೆ ತಟ್ಟಿಕೊಂಡೆ.

“ತೆಹೆರೇ!”

ವಿಸೆಂತೆ ಜೇಬಿನಿಂದ ಕೈ ತೆಗೆದು ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದರು. ಕಣ್ಣು ತುಂಬಿತ್ತು. ಕಿಟಕಿಯಿಂದ ತಲೆ ಹಾಕಿ ಬೀದಿಯವರಿಗೆ ಏನೋ ಕೂಗಿದರು. ಇಬ್ಬರು ಹೆಂಗಸರು ಬಂದು ನನ್ನನ್ನು ನೋಡಿ ಎದೆಯ ಮೇಲೆ ಶಿಲುಬೆ ಬರೆದುಕೊಂಡರು.

“ನಮ್ಮ ಕೊಳ್ಳೇಗಾಲದ ನೇಯ್ಗೆ ಅಂದ್ರೆ ಎಷ್ಟ್ ಮರ್ವಾದೆ ನೋಡ್ಲಾ” ಎಂದು ದಾರಿಯಲ್ಲಿ ಮಾದಪ್ಪನಿಗೆ ಹೇಳಿದೆ.

“ಊ ಕಣ್ಲಾ” ಎಂದ ಅವನೂ.

ಮರುದಿನ ಬೆಳಿಗ್ಗೆ

ಹಲ್ಲುಜ್ಜುವ ಹೊತ್ತಿಗೆ ವಿಸೆಂತೆ ಬಾಗಿಲಲ್ಲಿದ್ದರು. ಕಂಕುಳಲ್ಲಿ ಮಗ್ಗದ ಮುಂದೆ ಕೂರುವ ಮಣೆ. ಅದರ ಕಾಲುಗಳನ್ನು ಆಗತಾನೆ ಗರಗಸದಿಂದ ಕೊಯ್ದ ಗುರುತಿತ್ತು, ಬಿಳಿ ಮರ ಕಾಣುತ್ತಿತ್ತು. ನಾನು ಅವರಿಗಿಂತ ಗಿಡ್ಡ ಎಂಬುದನ್ನು ನಿನ್ನೆ ಕಣ್ಣಲ್ಲೇ ಅಳೆದು, ತಮ್ಮ ಮಣೆಯನ್ನು ನನಗಾಗಿ ತಗ್ಗಿಸಿ ತಂದಿದ್ದರು.

ಅವರೂ ಅಂಪಾರಮ್ಮನೂ ಊರ ಮಾತಿನಲ್ಲಿ ಬಹಳ ಹೊತ್ತು ಆಡಿದರು. ಅಂಪಾರಮ್ಮನ ಮುಖ ಗಂಭೀರವಾಯಿತು. ಅವರು ಇಂಗ್ಲಿಷಿನಲ್ಲಿ ಮಾದಪ್ಪನಿಗೆ ಹೇಳಿದರು. ಮಾದಪ್ಪ ಕೇಳುತ್ತ ಕೇಳುತ್ತ ನನ್ನ ಕಡೆ ತಿರುಗಿದ.

“ಲೇ ಚೌಡ, ನಿನ್ನೆ ಏನಂದ್ಬುಟ್ಟೆಲಾ ನೀನು?”

“ನಾನೇನಂದೆ? ನೇಯ್ತೀನಿ ಅಂದೆ.”

“ಅದೇ ಕಣ್ಲಾ ಎಡವಟ್ಟಾಗಿರದು! ಆ ಯಪ್ಪನ ಬಲಗೈ ಈ ಚಳಿಗಾಲದಿಂದ ನಡುಗ್ತದಂತೆ. ಅದ್ಕೇಯ ಜೇಬ್ನಾಗ್ ಇಟ್ಕಂಡಿದ್ದುದ್ದು. ಮಗ್ಗದ ಮ್ಯಾಲೆ ಒಂದ್ ಮದ್ವೆ ಎಣ್ಣಿನ ಲಂಗದ ಬಟ್ಟೆ ಅದೆ, ಮೂರ್ ಗೇಣು ಉಳ್ಕಂಡದೆ. ಬರೋ ಸನಿವಾರ ಸಾಯಂಕಾಲಕ್ಕೆ ಮುಗೀದಿದ್ರೆ ಕೂಲಿ ಕೊಡೋ ಧಣಿ ಮಗ್ಗವ ಕೀಳಿಸಿ ಅಲ್ಲಿ ಮಿಷನ್ ಕೂರಿಸ್ತಾನಂತೆ. ನೀನು ನೇಯ್ದ್ ಮುಗಿಸ್ಕೊಡ್ತೀನಿ ಅಂತ ಮಾತ್ ಕೊಟ್ಟಿದ್ದೀಯಂತೆ.”

ಕೈಯಲ್ಲಿದ್ದ ನೀರಿನ ಚೊಂಬನ್ನು ಕೆಳಗಿಟ್ಟೆ.

ಅಂಪಾರಮ್ಮ ವಿಸೆಂತೆಯವರನ್ನು ಕೂರಿಸಿ, ನನ್ನನ್ನು ಅಡುಗೆಮನೆಗೆ ಕರೆದರು. ಮಾದಪ್ಪನ ಬಾಯಿಂದ ಬಂದ ಅವರ ಪಾಠ ಇದು. ವಿಸೆಂತೆ ಕೇಳಿದ್ದು ‘ನೇಯುವಿರಾ’ ಎಂದಲ್ಲ. ‘ಒಂದು ವೇಳೆ ಕೂತರೆ, ತಾವು ಇಂಥದ್ದನ್ನು ನೇಯ್ದೀರಾ?’ ಎಂದು, ಸುಮ್ಮನೆ ಒಬ್ಬ ನೇಕಾರ ಇನ್ನೊಬ್ಬನನ್ನು ಕೇಳುವಂತೆ. ತೆಹೆರೀಯ. ಅದಕ್ಕೆ ‘ನೇಯ್ದೇನು’ ಎನ್ನಬೇಕಿತ್ತು. ಅದೂ ತೆಹೆರೀಯವೇ! ನಾನು ನೇಯ್ದೇನು, ತಾವು ನೇಯ್ದೀರಿ, ಅವನು ನೇಯ್ದಾನು, ಅವಳು ನೇಯ್ದಾಳು, ಎಲ್ಲಕ್ಕೂ ಅವರಲ್ಲಿ ಅದೊಂದೇ ಪದ.

“ಅಮ್ಮಾವ್ರು ಯೋಳ್ತಾವ್ರೆ,” ಎಂದ ಮಾದಪ್ಪ, “ಆ ಯಪ್ಪ ಉತ್ರಾನೂ ಸೇರ್ಸೇ ನಿನ್ ಕೈಗ್ ಕೊಟ್ಟಿದ್ನಂತೆ. ಇಸ್ಕಂಡಂಗೇ ವಾಪಸ್ ಕೊಟ್ಟಿದ್ರೆ ಆಯ್ತಿತ್ತಂತೆ. ನೀನು ಬಾಲ ಕಿತ್ತು ಬ್ಯಾರೆ ಬಾಲ ಸಿಗಾಕ್ದೆ.”

ಇಡೀ ಪದ ಕತ್ತರಿಸದೆ ಹಾಗೇ ಇರಲಿ. ಕೊನೆಗೆ ‘ಏ’ ಅಂದರೆ ಆಣೆ ಇಟ್ಟಂತೆ, ‘ಈಯ’ ಅಂದರೆ ಮನಸ್ಸು ತೋರಿಸಿದಂತೆ. ಒಂದೇ ಬುಡದ ಮೇಲೆ ಎರಡು ತುದಿ, ನಡುವೆ ಒಬ್ಬ ಮನುಷ್ಯನ ಮಗ್ಗ. ಇಷ್ಟು ವರ್ಷ ಕನ್ನಡ ಆಡಿದ್ದೇನೆ. ಎರಡನ್ನೂ ‘ನೇಯ್ತೀನಿ’ಯಲ್ಲೇ ಮುಗಿಸಿದ್ದೇನೆ. ನಮ್ಮಲ್ಲೂ ಆ ಇನ್ನೊಂದು ರೂಪ ಇಲ್ಲವೇ? ಮರ ಹತ್ತಿದ ಮಗನಿಗೆ “ಬಿದ್ದೀಯಾ, ಜ್ವಾಕೆ!” ಎಂದು ತಾಯಿ ಕೂಗುತ್ತಾಳೆ. ಬಿದ್ದಿಲ್ಲ, ಬೀಳುವುದೂ ಬೇಡ, ಆದರೆ ತಾಯಿಯ ಕಣ್ಣಿಗೆ ಆ ಬೀಳುವುದು ಕಂಡುಬಿಟ್ಟಿದೆ. ದಾರಿಹೋಕ ಜಗಲಿಯ ಮುಂದೆ ನಿಂತು “ಒಂಚೂರ್ ನೀರ್ ಕೊಟ್ಟೀರಾ ತಾಯಿ?” ಎನ್ನುತ್ತಾನೆ. ಕೊಡಿ ಎಂದಲ್ಲ, ಕೊಡುತ್ತೀರಾ ಎಂದೂ ಅಲ್ಲ. ಇದನ್ನು ಅಂಪಾರಮ್ಮನಿಗೆ ಹೇಳಿಸಿದೆ. ಅವರು ಲೋಟ ಮುಂದೆ ಹಿಡಿದು “ಮೆ ದರೀಯ ಆಗ್ವ?” ಎಂದರು: ನೀರು ಕೊಟ್ಟೀರಾ? ಅಲ್ಲಿಯೂ ಅದೇ ‘ಈಯ’! ಏಳು ಕಡಲು ದಾಟಿ ಬಂದರೂ ಬಾಯಾರಿದವನು ಬಾಗುವ ಬಗೆ ಒಂದೇ.

“ಈಗ ಒಂದ್ ಕೆಲ್ಸ ಮಾಡಮ” ಎಂದ ಮಾದಪ್ಪ. “ಬಾಸೆ ಬರ್ದೇ ಇರೋನು ಏನೋ ಅಂದ ಅಂತ ಅಮ್ಮಾವ್ರೇ ಆ ಯಪ್ಪಂಗೆ ತಿಳಿಯೇಳ್ತಾರೆ. ಅವ್ರೂ ಬೇಜಾರ್ ಮಾಡ್ಕಳಕಿಲ್ಲ. ಸೋಮವಾರದಿಂದ ನಮ್ಮ್ ಕೆಲ್ಸ ನಾವ್ ಮಾಡದ್ ಬ್ಯಾಡ್ವಾ?”

ಅವನು ಹೇಳಿದ್ದು ಸರಿ. ಪೆಟ್ಟಿಗೆ ಆ ಮಧ್ಯಾಹ್ನವೇ ಬರುತ್ತದೆಂದು ತಂತಿ ಬಂದಿತ್ತು. ಸೇಠರ ಅನ್ನ ಉಂಡು ಬಂದವನು ಸೇಠರ ಕೆಲಸ ಬಿಡಲಾರೆ. ಮತ್ತೂ ಒಂದು ಮಾತು, ಯಾರಿಗೂ ಹೇಳದಿದ್ದದ್ದನ್ನು ಇಲ್ಲಿ ಬರೆಯುತ್ತೇನೆ: ನನಗೆ ಹೆದರಿಕೆಯಾಗಿತ್ತು. ಬೆನ್ನು ನೋಡಿಕೊಂಡು ಮುಖ ನೇಯುವ ಮಗ್ಗದ ಮೇಲೆ ನಾನು ಎಂದೂ ಕೂತವನಲ್ಲ. ಕೆಡಿಸಿದರೆ ಆ ಮುದುಕರ ಮಗ್ಗ ನನ್ನ ಕೈಯಿಂದಲೇ ಕಿತ್ತ ಹಾಗೆ. ನಿಜಕ್ಕೂ ನನಗೆ ಒಪ್ಪುವ ಮಾತು ‘ನೇಯ್ದೇನು’ ಎಂಬುದೇ, ಅಬ್ಬಬ್ಬಾ ಎಂದರೆ.

ಆದರೆ ನಡುಮನೆಯಲ್ಲಿ ಕಾಲು ಕೊಯ್ದ ಮಣೆ ಇತ್ತು.

“ವ್ಯಾಕರಣ ತಪ್ಬುಟ್ಟೆ, ಒಪ್ಕಂಡೆ” ಎಂದೆ. “ಮಾತ್ ತಪ್ಪಕ್ಕಿಲ್ಲ. ಯಾವ್ ಒತ್ನಾಗೆ ನೇಯದು ಅಂತ ಮಾತ್ರ ಕೇಳು ಅಮ್ಮಾವ್ರನ್ನ.”

ಅಂಪಾರಮ್ಮ ನಕ್ಕರು. “ಎರಡು ಗಂಟೆಯಿಂದ ಐದರವರೆಗೆ ನೀವು ಈ ಊರಿನಲ್ಲಿ ಏನು ಬೇಕಾದರೂ ಮಾಡಬಹುದು. ಇಡೀ ವಲೆನ್ಸಿಯ ಮಲಗಿರುತ್ತದೆ.”

ಊರು ಮಲಗುವ ಹೊತ್ತು

ಹಾಡುಹಗಲಲ್ಲಿ ಒಂದು ಪಟ್ಟಣ ಮಲಗುವುದನ್ನು ನೀವು ನೋಡಬೇಕು. ಅಂಗಡಿ ಬಾಗಿಲು, ಕಚೇರಿ ಬಾಗಿಲು, ಪ್ರದರ್ಶನದ ಬಾಗಿಲು, ಎಲ್ಲ ಮುಚ್ಚಿ ಬೀದಿಯಲ್ಲಿ ಬಿಸಿಲೊಂದೇ ನಡೆದಾಡುತ್ತದೆ. ನಮ್ಮ ಕೇರಿಯಲ್ಲಿ ಮಧ್ಯಾಹ್ನ ಲಾಳಿಯ ಸದ್ದು ನಿಂತರೆ ಯಾರಿಗೋ ಜ್ವರ ಎಂದು ಅರ್ಥ.

ಬಂದ ಪೆಟ್ಟಿಗೆ ಬಿಚ್ಚಿ ಮಗ್ಗ ಜೋಡಿಸುವುದರಲ್ಲೇ ಭಾನುವಾರ ಕಳೆದು, ಸೋಮವಾರದಿಂದ ನನ್ನ ಕ್ರಮ ಹೀಗಾಯಿತು. ಬೆಳಿಗ್ಗೆ ಪ್ರದರ್ಶನದಲ್ಲಿ ನಮ್ಮ ಮಗ್ಗ. ಗುಂಡಿ ತೋಡಲು ನೆಲ ಕಲ್ಲಿನದಾದ್ದರಿಂದ ಹಲಗೆಯ ಅಟ್ಟಣೆ ಕಟ್ಟಿ, ಅದರಲ್ಲಿ ತೂತು ಮಾಡಿ ಕಾಲಿಳಿಸಿದ್ದೆ. ಎರಡಕ್ಕೆ ವಿಸೆಂತೆಯವರ ಮಗ್ಗ. ಐದಕ್ಕೆ ಮತ್ತೆ ನಮ್ಮದು. ಮಾದಪ್ಪ ಜೊತೆಗೆ ಬರುತ್ತಿದ್ದ. ಬಂದು ನೂಲಿನ ಮೂಟೆಗೆ ಒರಗಿ ಊರಿನವರ ಪದ್ಧತಿ ಪಾಲಿಸುತ್ತಿದ್ದ.

ಮೊದಲ ದಿನ ನಾಚಿಕೆಗೇಡು. ಕಾಲು ತುಳಿಹಲಗೆಯನ್ನು ಹುಡುಕಿದರೆ ಕೈ ಲಾಳಿ ಮರೆಯುತ್ತಿತ್ತು. ಎರಡು ಎಳೆ ಕಿತ್ತುಹೋದವು. ಕಣ್ಣು ಮುಚ್ಚಿಕೊಂಡೇ ಮಾದಪ್ಪ ಅಂದ:

“ಕಪ್ಪೆ ತಕ್ಕಡಿ ಅತ್ತಿದಂಗಾಗದೆ ನಿನ್ ಗತಿ.”

“ನಿದ್ದೆ ಮಾಡ್ಲಾ ನೀನು.”

ವಿಸೆಂತೆ ಬೇಸರಿಸಲಿಲ್ಲ. ಪಕ್ಕದಲ್ಲಿ ನಿಂತು, ಎಡಗೈ ಬೆರಳಿನಿಂದ ಯಾವ ಲಾಳಿ ಯಾವ ಎಸಳಿಗೆ ಎಂದು ತೋರಿಸುತ್ತಿದ್ದರು. ಕಣ್ಣು ಅವರದು, ಕೈ ನನ್ನದು. ಎರಡನೆಯ ದಿನದ ಹೊತ್ತಿಗೆ ಕಾಲಿಗೆ ಲಯ ಸಿಕ್ಕಿತು. ಲಯಕ್ಕೆ ಮಾತು ಬೇಕಲ್ಲ; ಅಂಪಾರಮ್ಮ ಕೊಟ್ಟದ್ದನ್ನೇ ತುಳಿತಕ್ಕೊಂದರಂತೆ ಹೇಳಿಕೊಂಡೆ: ತೆಹೆರೀಯ, ತೆಹೆರೀಯಸ್, ತೆಹೆರೀಯ, ತೆಹೆರೀಯಮೊಸ್, ತೆಹೆರೀಯಾಯಿಸ್, ತೆಹೆರೀಯನ್. ನೇಯ್ದೇನು, ನೇಯ್ದೀಯೆ, ನೇಯ್ದಾನು, ನೇಯ್ದೇವು, ನೇಯ್ದೀರಿ, ನೇಯ್ದಾರು. ಆರು ತುಳಿತಕ್ಕೆ ಒಂದು ಸುತ್ತು. ವಿಸೆಂತೆ ನನ್ನ ಮಣಮಣ ಕೇಳಿ ಜಪವೆಂದುಕೊಂಡು ಮೊದಲು ಸುಮ್ಮನಿದ್ದರು. ಏನೆಂದು ಗೊತ್ತಾದ ಮೇಲೆ ಗೋಡೆ ಹಿಡಿದು ನಕ್ಕರು. ಆಮೇಲೆ ತಾವೂ ದನಿ ಸೇರಿಸಿದರು. ಸ್ಪೇನಿನ ನೇಕಾರ, ಕೊಳ್ಳೇಗಾಲದ ನೇಕಾರ, ಒಂದೇ ಕ್ರಿಯಾಪದ. ಮೂಲೆಯಲ್ಲಿ ಮಾಂಬಳ್ಳಿಯ ಗೊರಕೆ.

ಅವರ ಕ್ರಿಯಾಪದಗಳಲ್ಲಿ ಮೂರು ಮನೆತನ. ‘ಆರ್’ನವರು, ‘ಏರ್’ನವರು, ‘ಈರ್’ನವರು. ಇವತ್ತಿನ ಮಾತು ಆಡುವಾಗ ಒಬ್ಬೊಬ್ಬರ ಬಾಲ ಒಂದೊಂದು ಥರ. ‘ಮಾಡಿಯೇನು’ ಎನ್ನುವ ಜಾಗಕ್ಕೆ ಬಂದರೆ ಮೂವರೂ ಒಂದೇ ಬಾಲ ತೊಡುತ್ತಾರೆ. ಅಬ್ಲರೀಯ, ಮಾತಾಡಿಯೇನು. ತೆಹೆರೀಯ, ನೇಯ್ದೇನು. ಅಬ್ರಿರೀಯ, ತೆರೆದೇನು. ಕೆಲವು ಹಟಮಾರಿ ಕ್ರಿಯಾಪದಗಳು ಬುಡವನ್ನೇ ಕುಗ್ಗಿಸಿಕೊಳ್ಳುತ್ತವಂತೆ. ಅವುಗಳ ಸಹವಾಸ ಬೇಡ ಎಂದರು ಅಂಪಾರಮ್ಮ. ‘ಸಮಯ ಇದ್ದರೆ ನೇಯ್ದೇನು’ ಎನ್ನುವಾಗ ಮೊದಲಿನ ‘ಇದ್ದರೆ’ಗೆ ಇನ್ನೊಂದು ಕಗ್ಗಂಟಿದೆ, ಅದನ್ನೂ ನಾನು ಮುಟ್ಟಲಿಲ್ಲ. ಯಾರೋ ಒಬ್ಬ ಮಹಾನುಭಾವ ಎಂದೋ ಕೂತು ಇದನ್ನೆಲ್ಲ ಅಚ್ಚು ಕಟ್ಟಿದನೋ, ಅಥವಾ ಗದ್ದೆ ಬಯಲಿನ ಜನ ಆಡುತ್ತಾ ಆಡುತ್ತಾ ಅದೇ ನುಣುಪಾಯಿತೋ? ಅಂಪಾರಮ್ಮನನ್ನು ಕೇಳಿದೆ. ಯಾರೂ ಮಾಡಲಿಲ್ಲ, ಎಲ್ಲರೂ ಮಾಡಿದರು ಎಂದರು. ಕಡಲ ಮುಂದೆ ನಿಂತಾಗ ಆದದ್ದೇ ನನಗೆ ಮತ್ತೆ ಆಯಿತು.

ಬುಧವಾರ ಕನ್ನಡಿ ಹಿಡಿದು ನೋಡಿದರೆ ಎಲೆಯ ಜಾಗ ಕೆಂಪಾಗಿತ್ತು. ಲಾಳಿ ಅದಲುಬದಲು. ಅರ್ಧ ದಿನದ ನೇಯ್ಗೆಯನ್ನು ಎಳೆ ಎಳೆಯಾಗಿ ಬಿಚ್ಚಿದೆವು. ದಿನಕ್ಕೆ ಅರ್ಧ ಗೇಣು ಆಗಬೇಕಾದದ್ದು ಹಿಂದೆ ಬಿತ್ತು. ಶುಕ್ರವಾರ ಸಂಜೆ ಅಳೆದಾಗ ಇನ್ನೂ ಒಂದು ಗೇಣು ಉಳಿದಿತ್ತು. ಒಂದೇ ಮಧ್ಯಾಹ್ನಕ್ಕೆ ಒಂದು ಗೇಣು. ವಿಸೆಂತೆಯವರ ಬಲಗೈ ಮತ್ತೆ ಜೇಬಿಗೆ ಹೋಯಿತು.

ಶನಿವಾರ

ಶನಿವಾರ ಪ್ರದರ್ಶನ ಹನ್ನೆರಡಕ್ಕೇ ಮುಚ್ಚಿತು. ಊಟ ಬಿಟ್ಟು ಓಡಿದೆ. ಮಾದಪ್ಪ ಆ ದಿನ ಮಲಗಲಿಲ್ಲ. ಮೂಟೆಯ ಪಕ್ಕ ಕುಕ್ಕರುಗಾಲಲ್ಲಿ ಕೂತು ಲಾಳಿಗಳಿಗೆ ನೂಲು ಸುತ್ತಿ ಸುತ್ತಿ ಕೊಟ್ಟ. ಹೈಸ್ಕೂಲು ಓದಿದವನು ಬಾಯಿ ಬಿಡದೆ ಕೆಲಸ ಮಾಡಿದ್ದನ್ನು ನಾನು ಅಂದೇ ನೋಡಿದ್ದು.

ಗಡಿಯಾರದ ಕಡೆ ನಾನು ತಿರುಗಲಿಲ್ಲ. ಹೊಟ್ಟೆಯಲ್ಲಿ ಅನ್ನವಿಲ್ಲ, ತಲೆಯಲ್ಲಿ ಬೇರೆ ಏನೂ ಇಲ್ಲ. ತುಳಿ, ಲಾಳಿ, ಬಡಿ. ಕೊನೆಕೊನೆಗೆ ವಿಸೆಂತೆ ಬೆರಳು ತೋರಿಸುವ ಮೊದಲೇ ನನ್ನ ಕೈ ಆ ಲಾಳಿಯ ಮೇಲಿರುತ್ತಿತ್ತು. ನಾಲ್ಕು ಬೆರಳಗಲ ಉಳಿಯಿತು, ಮೂರು ಉಳಿಯಿತು. ಒಂದು ಬೆರಳಗಲ ಉಳಿದಾಗ ಭುಜದ ಮೇಲೆ ಕೈ ಬಿತ್ತು.

“ಮೆ ದೆಹರೀಯ?” ಎಂದರು ವಿಸೆಂತೆ.

ಆ ಕ್ರಿಯಾಪದ ನನಗೆ ಕಲಿಸಿರಲಿಲ್ಲ. ಆದರೆ ಬಾಲ ನನಗೆ ಗೊತ್ತಿತ್ತು. ಏನನ್ನೋ ಕೇಳುತ್ತಿದ್ದಾರೆ, ಬಾಗಿ ಕೇಳುತ್ತಿದ್ದಾರೆ. ಮುಖ ನೋಡಿದೆ. ಬಿಟ್ಟುಕೊಟ್ಟೀರಾ? ನಲವತ್ತು ವರ್ಷ ತಾವೇ ಕೂತ ಮಗ್ಗ, ತಾವೇ ಶುರುಮಾಡಿದ ಬಟ್ಟೆ. ಅದರ ಕೊನೆಯ ಬೆರಳಗಲವನ್ನು ನೇಯಲು ನನ್ನಂಥವನ ಅಪ್ಪಣೆ ಕೇಳುತ್ತಿದ್ದರು. ನಾನು ಎದ್ದು ನಿಂತೆ.

ಅವರು ಆ ಗಿಡ್ಡ ಮಣೆಯ ಮೇಲೆ ಮೊಣಕಾಲು ಮೇಲೆತ್ತಿಕೊಂಡೇ ಕೂತರು. ಬಲಗೈ ಲಾಳಿ ಹಿಡಿಯಿತು, ನಡುಗಿತು. ನಾನು ಎರಡು ಸಾಲು ನೇಯುವ ಹೊತ್ತಿಗೆ ಅವರದು ಒಂದು ಸಾಲು. ಅಂತೂ ಬೆರಳಗಲ ಮುಗಿಯಿತು. ಕನ್ನಡಿಯನ್ನು ಅಡಿಗೆ ಹಿಡಿದು ನೋಡಿದರು. ನಾನೂ ಬಗ್ಗಿ ನೋಡಿದೆ. ಅಲ್ಲಿಯವರೆಗಿನ ಬಟ್ಟೆಯೆಲ್ಲ ಗೆರೆ ಎಳೆದಂತಿತ್ತು. ಕೊನೆಯ ಆ ಬೆರಳಗಲದಲ್ಲಿ ಗುಲಾಬಿಯ ಎಸಳು ಗಾಳಿಗೆ ಅಲುಗಿದಂತೆ ಅಂಕುಡೊಂಕು.

ವಿಸೆಂತೆ ಕತ್ತರಿ ತೆಗೆದುಕೊಂಡರು. ಆ ಸಾಲುಗಳ ಮೇಲೆ ಅದನ್ನು ಅಡ್ಡ ಹಿಡಿದು ನನ್ನನ್ನೇ ನೋಡಿದರು.

“ಉಸ್ತೆದ್ ಲೊ ಕೊರ್ತರೀಯ?”

ತಾವಾಗಿದ್ದರೆ ಕತ್ತರಿಸೀರಾ? ಇಡೀ ಬಟ್ಟೆಯ ಮರ್ಯಾದೆಗೆ ನಾನು ಸುಳ್ಳು ಹೇಳುವಂತಿರಲಿಲ್ಲ. ಡೊಂಕು ಡೊಂಕೇ. ಆದರೆ ಕತ್ತರಿಸಿದರೆ ಬಟ್ಟೆ ಒಂದು ಬೆರಳು ಗಿಡ್ಡ, ಮತ್ತೆ ನೇಯಲು ಹೊತ್ತಿಲ್ಲ. ಇಷ್ಟೇ ಆಗಿದ್ದರೆ ಲೆಕ್ಕದ ಮಾತಾಗುತ್ತಿತ್ತು. ಅವರು ಕೇಳಿದ್ದು ಲೆಕ್ಕವನ್ನಲ್ಲ. ಒಬ್ಬ ನೇಕಾರನನ್ನು ಇನ್ನೊಬ್ಬ ನೇಕಾರ ಕೇಳಿದ್ದು. ಈ ಸಲ ನಾನು ಎದೆ ತಟ್ಟಲಿಲ್ಲ. ಅವರು ಕೊಟ್ಟ ಪದವನ್ನೇ ಬಾಲ ಮುಟ್ಟದೆ ಹಿಂದಕ್ಕೆ ಕೊಟ್ಟೆ.

“ನೊ. ನೊ ಲೊ ಕೊರ್ತರೀಯ.”

ಕತ್ತರಿ ಕೆಳಗಿಳಿಯಿತು.

ಐದು ಗಂಟೆಗೆ ಧಣಿಯ ಕಡೆಯವನು ಬಂದ. ಅವನಾಡಿದ್ದನ್ನು ವಿಸೆಂತೆಯಿಂದ ಕೇಳಿ ಅಂಪಾರಮ್ಮ ನಮಗೆ ಆಮೇಲೆ ತಿಳಿಸಿದರು. ಅಳತೆಗೋಲು ಇಟ್ಟ, ಅಳತೆ ಸರಿಬಂತು. ಬಟ್ಟೆಯಡಿ ಕೈ ಹಾಕಿ ಬೆರಳಾಡಿಸಿದ. ಕೊನೆಯಲ್ಲಿ ಅವನ ಬೆರಳು ನಿಂತಿತು. ಕನ್ನಡಿ ಕೇಳಿ ಇಸಿದುಕೊಂಡು ನೋಡಿದ. ಇದು ಯಾರ ಕೈ ಎಂದು ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ವಿಸೆಂತೆ ಬಲಗೈಯನ್ನು ಜೇಬಿನಿಂದ ತೆಗೆದು ಅವನ ಮುಂದೆ ಹಿಡಿದರು. ಅದು ನಡುಗುತ್ತಲೇ ಇತ್ತು. ಆ ಮನುಷ್ಯ ಕೈಯನ್ನು ನೋಡಿದ, ಬಟ್ಟೆಯನ್ನು ನೋಡಿದ. ಲಂಗದ ಮಡಿಕೆಯೊಳಗೆ ಹೋಗುವ ಭಾಗವಲ್ಲವೇ ಎಂದು ತನಗೆ ತಾನೇ ಹೇಳಿಕೊಂಡು, ಇಳಿಸಿಕೊಡಿ ಎಂದ. ಮಗ್ಗ ಬಿಚ್ಚಲು ಬಂದು ಬೀದಿಯಲ್ಲಿ ಕಾಯುತ್ತಿದ್ದ ಬಡಗಿಗಳಿಗೆ ಕಿಟಕಿಯಿಂದಲೇ ಕೈಯಾಡಿಸಿ ಹೋಗಿ ಎಂದ.

ವಿಸೆಂತೆ ಬಟ್ಟೆಯನ್ನು ಮಗ್ಗದಿಂದ ಕತ್ತರಿಸಿ ಇಳಿಸಿದರು. ಎಳೆ ಬಡಿಯುವ ಹಣಿಗೆಯ ಈಚೆಗೆ ಒಂದು ಗೇಣು ಹಳೆಯ ಎಳೆ ಹಾಗೇ ಉಳಿಯುವಂತೆ ಕತ್ತರಿಸಿದರು. ಇದು ಬೇರೆಯವರಿಗೆ ತಿಳಿಯದು, ನೇಕಾರನಿಗೆ ತಿಳಿಯುತ್ತದೆ. ಆ ಉಳಿದ ಎಳೆಗಳ ತುದಿಗೆ ಹೊಸ ಹಾಸಿನ ಉದ್ದನೆಯ ಎಳೆಗಳನ್ನು ಒಂದೊಂದಾಗಿ ಹೊಸೆದು ಮುಂದಿನ ಬಟ್ಟೆ ಶುರುಮಾಡುತ್ತೇವೆ. ಕೀಳುವ ಮಗ್ಗದಲ್ಲಿ ಯಾರೂ ಎಳೆ ಉಳಿಸುವುದಿಲ್ಲ. ಅವು ಜಾರಿಹೋಗದಂತೆ ಹಿಡಿ ಹಿಡಿಯಾಗಿ ಸೇರಿಸಿ ಗಂಟು ಹಾಕಬೇಕು. ವಿಸೆಂತೆ ಆ ಕೈಯಲ್ಲೇ ಗಂಟು ಹಾಕತೊಡಗಿದರು. ಒಂದು ಗಂಟು ಎರಡು ಸಲ ಬಿಚ್ಚಿಹೋಯಿತು.

“ಓಗ್ಲಾ, ಒಂದ್ ಕೈ ಆಕು” ಎಂದು ಮಾದಪ್ಪ ನನ್ನ ಮೊಣಕೈ ತಿವಿದ.

ನಾನು ಹೋಗಲಿಲ್ಲ. ಮೂಟೆಯ ಮೇಲೆ ಕೂತು, ಅವರು ಕೊನೆಯ ಗಂಟು ಹಾಕುವವರೆಗೂ ಕಾದೆ.